ಎರಡು ಗಂಟೆ ದಾಟಿದ ಮೇಲೆ ಬಯಲಾದ ಆಟ

ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಒಂದು ಕಂಪ್ಯೂಟರ್ ಆಟದ ಹಣ ವಾಪಸ್ ಕೊಡಿ ಎಂದು ನಾನು ಬರೆದದ್ದಕ್ಕೆ ಅಂಗಡಿಯವರಿಂದ ಎರಡೇ ಸಾಲಿನ ಉತ್ತರ ಬಂತು. ಆಟ ಬಿಡುಗಡೆಯಾಗಿ ಹದಿನಾಲ್ಕು ದಿನ ಕಳೆದಿಲ್ಲ, ಅದು ಸರಿ. ಆದರೆ ನೀವು ಎರಡು ಗಂಟೆಗಿಂತ ಹೆಚ್ಚು ಹೊತ್ತು ಆಡಿದ್ದೀರಿ, ಆದ್ದರಿಂದ ಆಗುವುದಿಲ್ಲ. ಅವರ ಲೆಕ್ಕದಲ್ಲಿ ನಾನೂ ತಮ್ಮನೂ ಆಡಿದ್ದು ಎರಡು ಗಂಟೆ ಐವತ್ತು ನಿಮಿಷ. ಆ ಹೊತ್ತಿನಲ್ಲಿ ಕತ್ತಿ ನಮ್ಮ ಕೈಗೆ ಬಂದು, ನಮ್ಮ ಇಷ್ಟದಂತೆ ನಡೆದಾಡಿದ್ದು ನಲವತ್ತು ನಿಮಿಷ. ಉಳಿದ ಎರಡು ಗಂಟೆ ಹತ್ತು ನಿಮಿಷ ಎಲ್ಲಿ ಹೋಯಿತೆಂಬುದನ್ನು ಬಿಡಿಸಿ ಹೇಳಲಿಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ನನ್ನ ತಮ್ಮನ ವಯಸ್ಸಿನ ಎಷ್ಟೋ ಹುಡುಗರು ಹೀಗೆಯೇ ದುಡ್ಡು ಕೂಡಿಸಿಕೊಂಡು ಕಾದಿರುತ್ತಾರೆ. ಅವರ ದುಡ್ಡಾದರೂ ಉಳಿಯಲಿ.

ಆಟದ ಹೆಸರು ಬರೆಯುವುದಿಲ್ಲ. ಒಂದರ ಹೆಸರು ಹೇಳಿದರೆ ಅದನ್ನು ಬಿಟ್ಟು ಅಂಥದ್ದೇ ಮತ್ತೊಂದನ್ನು ಕೊಳ್ಳುತ್ತೀರಿ. ಲಕ್ಷಣ ಹೇಳುತ್ತೇನೆ, ಗುರುತು ಹಿಡಿದುಕೊಳ್ಳಿ. ಕತ್ತಿ, ಮಂತ್ರ, ಡ್ರ್ಯಾಗನ್, ಶಾಪ ತಗುಲಿದ ರಾಜ್ಯ, ಹಳೆಯ ಕಾಡು. ಕಲ್ಪನಾಲೋಕದಲ್ಲಿ ನಾವೇ ಒಂದು ಪಾತ್ರವಾಗಿ ಕಾದಾಡುವ, ಫ್ಯಾಂಟಸಿ ಆಕ್ಷನ್ ರೋಲ್ ಪ್ಲೇಯಿಂಗ್ ಎಂದು ಕರೆಯುವ ಜಾತಿಯದು. ಎರಡು ವರ್ಷಗಳಿಂದ ಟ್ರೇಲರ್ ಮೇಲೆ ಟ್ರೇಲರ್ ಬಿಟ್ಟಿದ್ದರು. ನೀವು ಮಾಡುವ ಒಂದೊಂದು ಆಯ್ಕೆಯೂ ಲೋಕವನ್ನು ಬದಲಿಸುತ್ತದೆ ಎಂಬುದು ಅವರ ಘೋಷಣೆ. ಟ್ರೇಲರ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ದೃಶ್ಯಗಳನ್ನು ಆಟದ ಎಂಜಿನ್‌ನಲ್ಲಿ ತಯಾರಿಸಲಾಗಿದೆ. ಇದರ ಅರ್ಥ ನನಗೆ ಆಗ ತಿಳಿದಿರಲಿಲ್ಲ. ಎಂಜಿನ್ ಎಂದರೆ ಆಟವನ್ನು ಕಟ್ಟಿ ಓಡಿಸುವ ಸಾಫ್ಟ್‌ವೇರ್. ಆ ಮಾತಿನಿಂದ ನಾವು ಆಡುವಾಗಲೂ ಹಾಗೆಯೇ ಕಾಣುತ್ತದೆ ಎಂಬ ಭರವಸೆ ಸಿಗುವುದಿಲ್ಲ. ಅದೇ ಎಂಜಿನ್‌ನಲ್ಲಿ ಕೂತು ಸಿನಿಮಾದ ಹಾಗೆ ಚಿತ್ರಿಸಿದ ತುಣುಕಿಗೂ ಆ ಸಾಲನ್ನು ಹಾಕಬಹುದು.

ಬೆಲೆ 5,499 ರೂಪಾಯಿ, ಮುಂಗಡ ಕೊಟ್ಟರೆ ಆಟದೊಳಗಿನ ಪಾತ್ರಕ್ಕೆ ಒಂದು ಬೆಳ್ಳಿಯ ಕವಚ ಉಚಿತ. ಅದರಲ್ಲಿ ಮೂರು ಸಾವಿರ ತಮ್ಮನದು. ದ್ವಿತೀಯ ಪಿಯುಸಿ ಓದುತ್ತಲೇ ಚಳಿಗಾಲದ ರಾತ್ರಿಗಳಲ್ಲಿ ಪಕ್ಕದ ಮನೆಯ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದು ಕೂಡಿಸಿದ್ದು. ಅಡಿಕೆ ಸುಲಿದವರಿಗೆ ಗೊತ್ತು, ಸಿಪ್ಪೆಯ ಕಂದು ಕಲೆ ಬೆರಳಿನಿಂದ ವಾರಗಟ್ಟಲೆ ಹೋಗುವುದಿಲ್ಲ. ಉಳಿದದ್ದನ್ನು ನಾನು ಹಾಕಿದೆ. ಶಿವಮೊಗ್ಗದ ಒಂದು ಮುದ್ರಣಾಲಯದಲ್ಲಿ ಪುಟವಿನ್ಯಾಸ ಮಾಡುವವಳು ನಾನು. ಲ್ಯಾಪ್‌ಟಾಪ್ ನನ್ನದೇ, ಕೆಲಸಕ್ಕೆಂದು ಕೊಂಡದ್ದು, ಇಂಥ ಆಟಕ್ಕೂ ಸಾಲುವಷ್ಟು ಶಕ್ತಿಯದು.

ಮೃಗಶಿರಾ ಮಳೆಯ ಹೊತ್ತಿಗೆ ಆಟ ಬಿಡುಗಡೆಯಾಯಿತು. 118 ಜಿಬಿ. ಊರಿನಲ್ಲಿ ಇಳಿಸಿಕೊಳ್ಳಲು ಹೊರಟರೆ ಎರಡು ದಿನವಾದರೂ ಮುಗಿಯದೆಂದು ತಮ್ಮ ಬಸ್ ಹತ್ತಿ ಶಿವಮೊಗ್ಗದ ನನ್ನ ಕೋಣೆಗೆ ಬಂದ. ಏಳು ಗಂಟೆಯಲ್ಲಿ ಇಳಿಯಿತು. ಬೆಳಗ್ಗೆ ಚಹಾ ಮಾಡಿಕೊಂಡು ಇಬ್ಬರೂ ಕೂತೆವು.

ಈಗ ಆ ಎರಡು ಗಂಟೆ ಹತ್ತು ನಿಮಿಷದ ಲೆಕ್ಕ. ಮೊದಲ ಸಲ ತೆರೆದಾಗ ಶೇಡರ್ ಸಿದ್ಧವಾಗುತ್ತಿದೆ ಎಂಬ ಪಟ್ಟಿ ಬಂತು. ಬೆಳಕು, ನೆರಳು, ನೀರಿನ ಹೊಳಪನ್ನು ಬಿಡಿಸುವ ಚಿಕ್ಕ ಚಿಕ್ಕ ಪ್ರೋಗ್ರಾಂಗಳೇ ಶೇಡರ್. ಪ್ಲೇಸ್ಟೇಷನ್‌ನಂಥ ಯಂತ್ರಗಳ ಒಂದು ಮಾದರಿಯಲ್ಲಿ ಒಂದೇ ಬಗೆಯ ಚಿಪ್ ಇರುವುದರಿಂದ ತಯಾರಕರೇ ಅವನ್ನು ಮೊದಲೇ ಸಿದ್ಧಪಡಿಸಿ ಕೊಡಬಲ್ಲರು. ಕಂಪ್ಯೂಟರ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್‌ಗಳು ಬೇರೆ ಬೇರೆಯಾದ್ದರಿಂದ ಅದು ನಮ್ಮ ಯಂತ್ರದಲ್ಲೇ ಆಗಬೇಕು. ಮೂವತ್ತೈದು ನಿಮಿಷ ಹಿಡಿಯಿತು, ಕೊನೆಗೆ ಆಟ ಮುಚ್ಚಿಕೊಂಡಿತು. ಮತ್ತೆ ತೆರೆದರೆ ಮತ್ತೆ ಇಪ್ಪತ್ತು ನಿಮಿಷ. ಆಮೇಲೆ ಪಾತ್ರದ ಮುಖ ರೂಪಿಸುವುದು; ಮೂಗು, ಹುಬ್ಬು, ಗಾಯದ ಗುರುತು ಎಂದು ಇಪ್ಪತ್ತೈದು ನಿಮಿಷ. ಅನಂತರ ಪೀಠಿಕೆ. ರಾಜನ ಮರಣ, ಉರಿಯುವ ಕೋಟೆ, ಅಲ್ಲಲ್ಲಿ ಒಂದು ಗುಂಡಿ ಒತ್ತುವುದು, ಐವತ್ತು ನಿಮಿಷ. ಆಡದೇ ಕಾದ ಈ ಹೊತ್ತೆಲ್ಲವೂ ಆಡಿದ ಸಮಯವೆಂದೇ ದಾಖಲಾಗುತ್ತದೆ. ಪ್ರೋಗ್ರಾಂ ತೆರೆದಿದೆಯೇ ಇಲ್ಲವೇ ಎಂಬುದಷ್ಟನ್ನೇ ಅಂಗಡಿಯ ಗಡಿಯಾರ ನೋಡುತ್ತದೆ.

ಆ ಪೀಠಿಕೆ ಬಹಳ ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಟ್ರೇಲರ್‌ನಲ್ಲಿ ಕಂಡದ್ದೆಲ್ಲ ಅಲ್ಲೇ ಇತ್ತು. ಇಡೀ ಆಟಕ್ಕೆ ಹಾಕಬೇಕಿದ್ದ ಶ್ರಮವನ್ನು ಆ ಐವತ್ತು ನಿಮಿಷಕ್ಕೇ ಸುರಿದಿದ್ದಾರೆ. ಕೋಟೆಯ ಬಾಗಿಲು ದಾಟಿ ಕಾಡಿಗೆ ಕಾಲಿಟ್ಟ ಮೇಲೆ ಉಳಿದದ್ದು ಕಾಣತೊಡಗಿತು.

ನಾವು ಕಾಡಿನ ಮಗ್ಗುಲಲ್ಲೇ ಬೆಳೆದವರು. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆ ಹೋಗುವ ದಾರಿಯಲ್ಲಿ ಒಳಗೆ ನಮ್ಮ ಮನೆ. ಮಳೆ ಶುರುವಾದಾಗ ದೊಡ್ಡ ಮರಗಳ ಕೆಳಗೆ ಮೊದಲು ಸದ್ದಷ್ಟೇ ಬರುತ್ತದೆ, ನೀರು ಆಮೇಲೆ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆಯನ್ನು ದಿನವೂ ತಲೆಯ ಮೇಲೆ ಹೊತ್ತುಕೊಂಡೇ ತೋಟಕ್ಕೆ ಹೋಗಿಬರುತ್ತೇವೆ. ಈ ಆಟದಲ್ಲಿ ಬಯಲಿನಲ್ಲಿ ಬೀಳುವ ಮಳೆಯೇ ಮರದಡಿಯಲ್ಲೂ ಅದೇ ಓರೆಯಲ್ಲಿ ಬೀಳುತ್ತದೆ. ಗುಡಿಯ ಮಾಡಿನ ಕೆಳಗೆ ನಿಂತರೆ ಮಾಡನ್ನು ತೂರಿಕೊಂಡು ಬೀಳುತ್ತದೆ. ಒಂದೇ ಹಕ್ಕಿಯ ಕೂಗು ನಲವತ್ತು ಸೆಕೆಂಡಿಗೊಮ್ಮೆ ತಿರುಗಿ ಬರುತ್ತದೆ. ಎಡಗಡೆಯ ಕೊಂಬೆ ಮುರಿದ ಒಂದು ಬಾಗಿದ ಮರವನ್ನು ಸೇತುವೆಯಿಂದ ಗುಡಿಯವರೆಗಿನ ದಾರಿಯಲ್ಲಿ ಹನ್ನೊಂದು ಸಲ ಎಣಿಸಿದೆ. ಕೆಲವೆಡೆ ತಿರುಗಿಸಿ ನಿಲ್ಲಿಸಿದ್ದರು, ಕೆಲವೆಡೆ ಹಿಗ್ಗಿಸಿದ್ದರು. ಪುಟ ತುಂಬಿಸಲು ಒಂದೇ ಚಿತ್ರವನ್ನು ತಿರುಗಿಸಿ ಹಾಕುವುದು ನನ್ನ ಕಸುಬಿನಲ್ಲೂ ಉಂಟು. ಅದನ್ನು ನಾವು ಎರಡನೇ ಸಲ ಮಾಡುವಾಗಲೇ ನಾಚುತ್ತೇವೆ.

ಮರ ಎಣಿಸುವ ಈ ಮಾತು ಅತಿಯಾಯಿತು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಇಂಥ ಆಟದಲ್ಲಿ ತಿರುಗಾಡಿ ಹುಡುಕುವುದೇ ಅರ್ಧ ಸುಖ. 2022ರಲ್ಲಿ ಬಂದ ಎಲ್ಡನ್ ರಿಂಗ್ ಆಡಿದವರನ್ನು ಕೇಳಿ. ಆ ಆಟದಲ್ಲಿ ‘ಅಲ್ಲಿಗೆ ಹೋಗು, ಇಲ್ಲಿಗೆ ಬಾ’ ಎನ್ನುವ ಕೆಲಸದ ಪಟ್ಟಿಯೇ ಇಲ್ಲ. ದೂರದ ಒಂದು ಗೋಪುರವೋ ಬಂಗಾರದ ಬೆಳಕಿನ ಎಳೆಯೋ ಕಣ್ಣನ್ನು ಎಳೆಯುತ್ತದೆ, ಕಾಲು ಅತ್ತ ಹೋಗುತ್ತದೆ. ನಾವು ಕೊಂಡ ಆಟದಲ್ಲಿ ಕಾಡನ್ನು ನೋಡಿದರೆ ಏನೂ ತಿಳಿಯುವುದಿಲ್ಲವಾದ್ದರಿಂದ ಮೂಲೆಯ ಪುಟ್ಟ ನಕ್ಷೆಯ ಬಾಣವನ್ನೇ ನೋಡುತ್ತ ನಡೆಯಬೇಕು. ಹತ್ತು ಗಂಟೆ ಆಡಿದ ಮೇಲೆ ತಮ್ಮ, “ಅಕ್ಕಾ, ನಾನು ಇವತ್ತು ಕಾಡನ್ನೇ ನೋಡಿಲ್ಲ” ಎಂದ.

ಹಣ ಬರುವುದಿಲ್ಲವೆಂದ ಮೇಲೂ ಆಡಿದ್ದೇಕೆಂದರೆ, ಕೊಟ್ಟ ಹಣಕ್ಕೆ ಒಳಗೆ ಏನಾದರೂ ಸಿಕ್ಕೀತೆಂಬ ಆಸೆ. ಒಟ್ಟು ನಲವತ್ತು ಗಂಟೆ ಆಡಿದೆವು. ಶತ್ರುಗಳ ಜಾತಿ ಏಳೇ. ಕಂದು ತೋಳ, ಬೂದು ತೋಳ, ಉರಿಯುವ ತೋಳ ಎಂದು ಬಣ್ಣ ಬಳಿದು ಸಂಖ್ಯೆ ಏರಿಸಿದ್ದಾರೆ. ನಮ್ಮ ಲೆವೆಲ್ (ಪಾತ್ರದ ಬಲದ ಮಟ್ಟ) ಏರಿದಂತೆ ಅವುಗಳದೂ ಏರುತ್ತದೆ. ಹನ್ನೆರಡನೇ ಲೆವೆಲ್‌ನಲ್ಲಿ ತೋಳಕ್ಕೆ ಐದು ಏಟು ಬೇಕಿತ್ತು, ನಲವತ್ತನೆಯದರಲ್ಲೂ ಐದೇ. ಹಾಗಾದರೆ ಆ ಇಪ್ಪತ್ತೆಂಟು ಲೆವೆಲ್‌ಗಳ ದುಡಿಮೆ ಎಲ್ಲಿ ಹೋಯಿತು? ಸಿಗುವ ಕತ್ತಿಗಳಾದರೂ ಹಿಂದಿನದಕ್ಕಿಂತ ಶೇಕಡಾ ಎರಡು ಹೆಚ್ಚು ಹರಿತ ಎಂಬ ಅಂಕಿಯಷ್ಟೇ, ಬೀಸಿದರೆ ಕೈಗೆ ಏನೂ ತಿಳಿಯದು.

ಕಾಳಗದ ಕಥೆ ಇನ್ನೂ ಕೆಟ್ಟದ್ದು. ಏಟು ತಪ್ಪಿಸಿಕೊಳ್ಳುವುದು ಇಂಥ ಆಟದ ಪ್ರಾಣ. ತೆರೆಯ ಮೇಲೆ ಸೆಕೆಂಡಿಗೆ 60 ಚೌಕಟ್ಟು, ಅಂದರೆ 60 ಬಿಡಿ ಚಿತ್ರ, ಓಡುವಾಗ ಒಂದು ಚೌಕಟ್ಟಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡು, ತಪ್ಪಿಸಿಕೊಳ್ಳುವ ಅವಕಾಶ ಅಂಥ ಕೆಲವೇ ಚೌಕಟ್ಟುಗಳಷ್ಟು ಹೊತ್ತಿನದು. ಹೊಸ ಮಂತ್ರ ಹೊಮ್ಮಿದಾಗಲೆಲ್ಲ, ಮೊದಲೇ ಸಿದ್ಧವಾಗದೆ ಉಳಿದ ಶೇಡರ್ ಆಗ ಸಿದ್ಧವಾಗಲು ಹೊರಟು ಆಟ ಅರೆಕ್ಷಣ ಗಕ್ಕನೆ ನಿಲ್ಲುತ್ತದೆ. ಮತ್ತೆ ಚಲಿಸುವಷ್ಟರಲ್ಲಿ ನಾವು ಸತ್ತಿರುತ್ತೇವೆ. ತಮ್ಮನ ಕೈ ಚುರುಕು, ಅವನು ತನ್ನದೇ ತಪ್ಪೆಂದು ನಂಬಿ ಬಾಸ್ ಎಂದು ಕರೆಯುವ ಒಬ್ಬನೇ ದೊಡ್ಡ ಶತ್ರುವಿನ ಮುಂದೆ ಇಪ್ಪತ್ತು ಸಲ ಸೋತ. ಅವನ ತಪ್ಪಿರಲಿಲ್ಲ.

ಆ ಬಾಸ್ ಬರುವ ರೀತಿಯನ್ನೂ ಹೇಳಬೇಕು. ಊರಿನ ಗದ್ದೆಯಲ್ಲಿ ಹರಕೆಯ ಬಯಲಾಟವನ್ನು ರಾತ್ರಿಯಿಡೀ ನೋಡಿದವರಿಗೆ ರಾಕ್ಷಸ ವೇಷದ ಪ್ರವೇಶ ಎಂದರೇನೆಂದು ಗೊತ್ತು. ಮೊದಲು ದೂರದ ಆರ್ಭಟ, ಚೆಂಡೆಯ ಏರು, ರಾಳದ ಬೆಂಕಿ, ತೆರೆಯ ಹಿಂದಿನಿಂದ ಕಿರೀಟದ ತುದಿ. ಆಮೇಲೆ ಅವನು ಕುಣಿದಾಗ, ಹಿಂದೆ ಬಂದ ಯಾವ ವೇಷವೂ ಹಾಗೆ ಕುಣಿದಿರುವುದಿಲ್ಲ. ಚಿಕ್ಕಂದಿನಲ್ಲಿ ಅಪ್ಪಯ್ಯನ ತೋಳು ಹಿಡಿದು ಕೂತು ಹೆದರಿದ್ದು ಆ ಕುಣಿತಕ್ಕೆ. ಈ ಆಟವೂ ಬಾಗಿಲು, ಬೆಂಕಿ, ಸಂಗೀತ ಎಲ್ಲವನ್ನೂ ಒದಗಿಸುತ್ತದೆ. ಹೊರಗೆ ಬರುವವನು ಮಾತ್ರ ಬೆಳಗ್ಗೆ ಸೇತುವೆಯ ಬಳಿ ಕೊಂದ ಕಾವಲುಗಾರನೇ, ಅದೇ ಮೂರು ಹೊಡೆತ, ಎರಡು ಪಟ್ಟು ಎತ್ತರ, ಇಪ್ಪತ್ತು ಪಟ್ಟು ಆಯಸ್ಸು. ಅವನನ್ನು ಕೊಲ್ಲಲು ಹದಿನೆಂಟು ನಿಮಿಷ ಒಂದೇ ಗುಂಡಿ ಒತ್ತಬೇಕು. ಆಯಸ್ಸು ಹಿಗ್ಗಿಸಿದ ಮಾತ್ರಕ್ಕೆ ಶತ್ರು ದೊಡ್ಡವನಾಗುವುದಿಲ್ಲ ಎಂಬುದು ಈ ಕಸುಬಿನವರಿಗೆ ತಿಳಿಯದ ಸಂಗತಿಯೇ?

ಇನ್ನು ಆಯ್ಕೆಗಳು. ಹಳ್ಳಿಯೊಂದರಲ್ಲಿ ಕಮ್ಮಾರನನ್ನು ಉಳಿಸಬೇಕೋ ಧಾನ್ಯವನ್ನು ಉಳಿಸಬೇಕೋ ಎಂದು ಕೇಳುತ್ತದೆ. ತಮ್ಮ ಕಮ್ಮಾರನನ್ನು ಉಳಿಸಿದ. ನಾನು ಅದಕ್ಕೆ ಮುಂಚೆ ಉಳಿಸಿಟ್ಟಿದ್ದ ಹಂತವನ್ನು (ಸೇವ್) ತೆರೆದು ಧಾನ್ಯ ಉಳಿಸಿದೆ. ಅರ್ಧ ಗಂಟೆಯ ನಂತರ ಇಬ್ಬರ ಹಳ್ಳಿಯೂ ಸುಟ್ಟುಹೋಯಿತು. ಇಬ್ಬರಿಗೂ ಒಬ್ಬಳೇ ಮುದುಕಿ ಅದೇ ಮಾತು ಹೇಳಿದಳು. ವ್ಯತ್ಯಾಸ ಒಂದು ವಾಕ್ಯದ್ದು. ಎರಡು ವರ್ಷ ಸಾರಿದ ಘೋಷಣೆಯ ಮೊತ್ತ ಇಷ್ಟು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಒಂದು ಸಂಜೆ. “ಅಕ್ಕಾ, 399 ರೂಪಾಯಿ ಕೊಟ್ಟರೆ ಲೆವೆಲ್ ಬೇಗ ಏರುತ್ತದಂತೆ, ಹಾಕಲೇ?” ಎಂದು ತಮ್ಮ ಕೇಳಿದ. ಒಬ್ಬನೇ ಕೂತು ಆಡುವ ಆಟ, ಪೂರ್ತಿ ಬೆಲೆ ಕೊಟ್ಟಾಗಿದೆ, ಅದರೊಳಗೆ ಇನ್ನೊಂದು ಅಂಗಡಿ. ಬೇಸರ ಬರುವಷ್ಟು ನಿಧಾನವಾಗಿ ಆಟವನ್ನು ಕಟ್ಟಿ, ಆ ಬೇಸರ ಕಳೆಯುವ ಮದ್ದನ್ನು ಅವರೇ ಮಾರುತ್ತಾರೆ. ಬೇಡ ಎಂದೆ. ಅವನು ಮರುಮಾತಾಡಲಿಲ್ಲ.

ಆರಿದ್ರಾ ಮಳೆಗೆ ಲ್ಯಾಪ್‌ಟಾಪ್ ಹಿಡಿದು ಊರಿಗೆ ಹೋದೆ. ಗಾಳಿಗೆ ಮರ ಬಿದ್ದು ಇಂಟರ್ನೆಟ್ ತಂತಿ ಕಡಿದು ನಾಲ್ಕು ದಿನ ಸಂಪರ್ಕವಿರಲಿಲ್ಲ; ಮೊಬೈಲ್ ಸಿಗ್ನಲ್‌ಗೆ ಗುಡ್ಡ ಹತ್ತಬೇಕು. ಆಟ ತೆರೆಯಲೇ ಇಲ್ಲ. ಪ್ರತಿ ಸಲವೂ ಕಂಪನಿಯ ಸರ್ವರ್‌ಗೆ ಸಂಪರ್ಕ ಬೇಕಂತೆ. ಮಲೆನಾಡಿನಲ್ಲಿರುವವರು ಕೊಳ್ಳುವ ಮುನ್ನ ನೋಡಬೇಕಾದ ಮೊದಲ ಸಾಲು ಇದು: ಸದಾ ಇಂಟರ್ನೆಟ್ ಬೇಕೇ? ಅಂಗಡಿಯ ಪುಟದ ತಳದಲ್ಲಿ ಎಲ್ಲೋ ಬರೆದಿರುತ್ತದೆ. ಕವಚದ ಚಿತ್ರದಷ್ಟು ದೊಡ್ಡದಾಗಿ ಬರೆದಿರುವುದಿಲ್ಲ.

ಹೆಸರುವಾಸಿ ಕಂಪನಿಯಾದರೆ ನಂಬಬಹುದಲ್ಲ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. 2015ರಲ್ಲಿ ದಿ ವಿಚರ್ 3 ಎಂಬ ಆಟ ಮಾಡಿ ಲೋಕಮಾನ್ಯವಾದ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯೇ 2020ರ ಡಿಸೆಂಬರ್ 10ರಂದು ಸೈಬರ್‌ಪಂಕ್ 2077 ಬಿಡುಗಡೆ ಮಾಡಿತು. ವಿಮರ್ಶಕರಿಗೆ ಮೊದಲು ಕೊಟ್ಟದ್ದು ಕಂಪ್ಯೂಟರ್ ಆವೃತ್ತಿ ಮಾತ್ರ, ತಾವು ಆಡಿದ ದೃಶ್ಯಗಳನ್ನು ಬಿಡುಗಡೆಗೆ ಮುಂಚೆ ತೋರಿಸಲು ಅವರಿಗೆ ಅನುಮತಿ ಇರಲಿಲ್ಲ. ಹಳೆಯ ಪ್ಲೇಸ್ಟೇಷನ್‌ನಲ್ಲಿ ಆಟದ ಸ್ಥಿತಿ ಎಷ್ಟು ಕೆಟ್ಟದ್ದೆಂದರೆ ಸುಮಾರು ಒಂದು ವಾರದೊಳಗೆ ಪ್ಲೇಸ್ಟೇಷನ್ ತಯಾರಿಸುವ ಸೋನಿ ತನ್ನ ಅಂಗಡಿಯಿಂದ ಅದನ್ನು ತೆಗೆದು, ಹಣ ವಾಪಸ್ ಕೊಡತೊಡಗಿತು. ಮರಳಿ ಬಂದದ್ದು 2021ರ ಜೂನ್‌ನಲ್ಲಿ. ಮುಂದೆ ಅದನ್ನು ಚೆನ್ನಾಗಿಯೇ ರಿಪೇರಿ ಮಾಡಿದರು, ನಿಜ. ಮೊದಲ ದಿನ ಕೊಂಡವನು ಆ ರಿಪೇರಿಗೆ ವರ್ಷಗಟ್ಟಲೆ ಕಾದ.

ನಾವು ನಂಬಿದ್ದು ಒಬ್ಬ ಜನಪ್ರಿಯ ವಿಡಿಯೋಗಾರನ ಹೊಗಳಿಕೆಯನ್ನು. ಪ್ರಾಯೋಜಿತ ಎಂಬ ಪದ ವಿವರಣೆಯ ಕೊನೆಯಲ್ಲಿ, ಒತ್ತಿ ಬಿಚ್ಚಿದರೆ ಮಾತ್ರ ಕಾಣುವಂತಿತ್ತು. ಹಣ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ಹೇಳಬೇಕೆಂದು ದಾರಿ ತಪ್ಪಿಸುವ ಜಾಹೀರಾತುಗಳ ಕುರಿತ 2022ರ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಅಂಥದ್ದು ಕಂಡರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಕೊಳ್ಳಲೇಬೇಕೆಂದಿದ್ದರೆ ಬಿಡುಗಡೆಯಾಗಿ ಎರಡು ವಾರ ಕಾಯಿರಿ. ನಿಮ್ಮಂಥದ್ದೇ ಗ್ರಾಫಿಕ್ಸ್ ಕಾರ್ಡ್ ಇರುವವರು, ಪೀಠಿಕೆ ಮುಗಿದ ನಂತರದ ಭಾಗವನ್ನು ಕತ್ತರಿಸದೆ ಆಡಿ ತೋರಿಸಿದ ವಿಡಿಯೋ ನೋಡಿ. ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಮತ್ತು ಎಪಿಕ್ ಆನ್‌ಲೈನ್ ಅಂಗಡಿಗಳೆರಡರಲ್ಲೂ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಎಂಬ ನಿಯಮವಿದೆ. ಆದ್ದರಿಂದ ಗಡಿಯಾರವನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ, ಮುಖ ರೂಪಿಸುವುದಕ್ಕೆ ಹೊತ್ತು ಕಳೆಯಬೇಡಿ, ಪೀಠಿಕೆಯನ್ನು ಹಾರಿಸಿ ನೇರ ಬಯಲಿಗೆ ಹೋಗಿ ಹತ್ತು ಶತ್ರುಗಳ ಜೊತೆ ಕಾದಾಡಿ, ಇಷ್ಟವಾಗದಿದ್ದರೆ ತೊಂಬತ್ತನೇ ನಿಮಿಷಕ್ಕೆ ಮುಚ್ಚಿ ಅರ್ಜಿ ಹಾಕಿ. ಮೂರು ದಿನ ಮುಂಚೆಯೇ ಆಡಬಹುದೆಂದು ದುಬಾರಿ ಆವೃತ್ತಿ ಕೊಂಡರೆ ಆ ದಿನಗಳ ಆಟವೂ ಎರಡು ಗಂಟೆಯ ಲೆಕ್ಕಕ್ಕೆ ಸೇರುತ್ತದೆ. ಸ್ಟೀಮ್ ಇದನ್ನು 2024ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಜಿಒಜಿ ಎಂಬ ಅಂಗಡಿಯಲ್ಲಿ ಸಿಗುವ ಆಟವಾದರೆ ಅಲ್ಲಿಯೇ ಕೊಳ್ಳಿ, ಹಣ ವಾಪಸ್ ಕೇಳಲು ಮೂವತ್ತು ದಿನದ ಅವಕಾಶವಿದೆ, ಒಮ್ಮೆ ಇಳಿಸಿಕೊಂಡ, ಒಬ್ಬರೇ ಆಡುವ ಆಟಕ್ಕೆ ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಮುಂಗಡ ಈಗಾಗಲೇ ಕೊಟ್ಟಾಗಿದೆ, ಆಟ ಇನ್ನೂ ಬಂದಿಲ್ಲ ಎನ್ನುವವರು ಇದನ್ನು ಓದುತ್ತಿದ್ದರೆ, ಸ್ಟೀಮ್‌ನಲ್ಲಿ ಬಿಡುಗಡೆಗೆ ಮುಂಚೆ ಯಾವಾಗ ಬೇಕಾದರೂ ಆ ಹಣವನ್ನು ಹಿಂದಕ್ಕೆ ಪಡೆಯಬಹುದು. ಕಾರಣ ಏನೇ ಇದ್ದರೂ ಆದೀತು. ಇವತ್ತು ರಾತ್ರಿ ಊಟಕ್ಕೆ ಮೊದಲೇ ಆ ಅರ್ಜಿ ಹಾಕಿ.