ಬೆರಳಿನ ಬದಲು ಬಾಯಿ: ಒಂದು ವರ್ಷ ಕನ್ನಡ ವಾಯ್ಸ್ ಟೈಪಿಂಗ್ ಬಳಸಿದ ಮೇಲೆ

ಬೆಳಿಗ್ಗೆ ಆರಕ್ಕೆ ನನ್ನ ಕೈ ಮುಷ್ಟಿ ಕಟ್ಟುವುದಿಲ್ಲ. ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳ ಕಾಯಿಲೆ. ಎರಡೂ ಕೈ ಬೆರಳು ಸೆಟೆದಿರುತ್ತವೆ, ಸಡಿಲಾಗಲು ತಾಸಿನ ಮೇಲೇ ಬೇಕು. ರೊಟ್ಟಿ ಬಡಿಯುವುದು ಬಿಟ್ಟು ನಾಲ್ಕು ವರ್ಷವಾಯಿತು. ಬಾಗಲಕೋಟೆ ನವನಗರದ ನಮ್ಮ ಓಣಿಯಲ್ಲೇ ಒಬ್ಬರು ಮಾಡಿ ಕೊಡುತ್ತಾರೆ, ಕೊಂಡು ತರುತ್ತೇವೆ. ಆದರೆ ಈ ಕಾಯಿಲೆ ಬಗ್ಗೆ ಹೇಳಬೇಕು ಅನ್ನಿಸುವುದೂ ಆ ಹೊತ್ತಿನಲ್ಲೇ. ಹಾಗಾಗಿ ನನ್ನ ಫೇಸ್‌ಬುಕ್ ಪೋಸ್ಟುಗಳನ್ನೆಲ್ಲ ಈಗ ಬಾಯಿಂದಲೇ ಬರೆಯುತ್ತೇನೆ. ಫೋನಿನ ಕೀಬೋರ್ಡಿನಲ್ಲಿ ಮೈಕ್ ಗುರುತು ಇರುತ್ತದಲ್ಲ, ಅದು. ದುಡ್ಡು ಕೊಡಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದರೆ ಮುಗಿಯಿತು.

ಪುಸ್ತಕದ ಕನ್ನಡವನ್ನು ಚೆನ್ನಾಗಿಯೇ ಹಿಡಿಯುತ್ತದೆ. ನಮ್ಮ ಕನ್ನಡಕ್ಕೆ ಬಂದರೆ ತಬ್ಬಿಬ್ಬು. 'ಕೀಲ ಬ್ಯಾನಿ' (ಕೀಲು ನೋವು) ಅಂದೆ, 'ಕೀಲು ರಾಣಿ' ಅಂತ ಬಂತು. ಬಾಗಲಕೋಟೆಯವಳು ಬಾಗಲಕೋಟೆಯವರಿಗೆ ಬರೆಯುವಾಗ ಟಿವಿ ನ್ಯೂಸ್ ಓದುವವರ ಥರ ಮಾತಾಡಬೇಕು! ಔಷಧದ ಹೆಸರಂತೂ ಕೇಳಲೇಬೇಡಿ. ಮೆಥೊಟ್ರೆಕ್ಸೇಟ್ ಅಂದರೆ 'ಮೆಟ್ರೋ ಟಿಕೆಟ್'. ನಮ್ಮೂರಲ್ಲಿ ಎಲ್ಲಿಯ ಮೆಟ್ರೋ?

ಇಲ್ಲಿಯವರೆಗೆ ನಗಬಹುದು. ಮುಂದಿನದು ನಗುವ ಮಾತಲ್ಲ.

ಈ ಮಾತ್ರೆಯನ್ನು ನಮ್ಮ ಕಾಯಿಲೆಗೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವುದು. ತಪ್ಪಿ ದಿನಾ ನುಂಗಿದರೆ ಬಾಯಲ್ಲಿ ಹುಣ್ಣು, ರಕ್ತದ ಕಣಗಳು ಕುಸಿಯುತ್ತವೆ, ಜೀವಕ್ಕೇ ಅಪಾಯ. ಅದನ್ನೇ ಒಂದು ಪೋಸ್ಟಿನಲ್ಲಿ ಹೇಳುತ್ತಿದ್ದೆ. ಒಳಗೆ ಕುಕ್ಕರ್ ಸೀಟಿ ಹೊಡೆಯಿತು. 'ವಾರಕ್ಕೆ' ಅನ್ನುವುದನ್ನು ಮೈಕ್ ನುಂಗಿಬಿಟ್ಟಿತು, 'ಒಂದೇ ಸಲ ತೆಗೆದುಕೊಳ್ಳಿ' ಅಂತಷ್ಟೇ ಉಳಿಯಿತು. ನಾನು ಓದಲಿಲ್ಲ, ಹಾಗೇ ಹಾಕಿದೆ. ಅರ್ಧ ಗಂಟೆಗೆ ಒಬ್ಬ ಹುಡುಗಿ ಕೇಳಿದಳು: "ಅಕ್ಕಾರ, ದಿನಾ ಒಂದೇ ಸಲ ಏನ್ರಿ?" ಕೈಕಾಲು ತಣ್ಣಗಾದವು. ಆ ಸೆಟೆದ ಬೆರಳಿನಿಂದಲೇ ಪೋಸ್ಟ್ ಅಳಿಸಿದೆ. ಅವಳಿಗೆ ಫೋನ್ ಮಾಡಿ ಹೇಳಿದ ಮೇಲೆಯೇ ಸಮಾಧಾನ.

ತಪ್ಪು ಮೈಕಿನದು ಅನ್ನಬಹುದು. ಓದದೆ ಹಾಕಿದವಳು ನಾನು ಅಲ್ವಾ? ಈಗ ಮಾತ್ರೆ, ಡೋಸು, ದಿನ ಇರುವ ಸಾಲುಗಳನ್ನು ಮೈಕಿಗೆ ಕೊಡುವುದೇ ಇಲ್ಲ. ಒಂದೊಂದೇ ಅಕ್ಷರ ಒತ್ತುತ್ತೇನೆ, ನಿಧಾನವಾದರೂ ಪರವಾಗಿಲ್ಲ. ಉಳಿದದ್ದು ಬಾಯಿಂದ, ಫ್ಯಾನ್ ಆರಿಸಿ, ಬಾಗಿಲು ಹಾಕಿಕೊಂಡು. ಪೂರ್ಣವಿರಾಮ ಎಲ್ಲಿ ಬರಬೇಕೆಂದು ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಆ ಕೆಲಸ ಮಗಳಿಗೆ, ಶಾಲೆಗೆ ಹೋಗುವ ಮೊದಲು.

ಇಷ್ಟಾದರೂ ಬಿಡುವುದಿಲ್ಲ. ಇದು ಮುದುಕರ ಕಾಯಿಲೆ ಅಂತ ಜನ ತಿಳಿದಿದ್ದಾರೆ, ನನಗೆ ಬಂದಾಗ ಮೂವತ್ನಾಲ್ಕು. ದೇಹದ ಕಾವಲು ವ್ಯವಸ್ಥೆಯೇ ತಿರುಗಿ ಕೀಲಿನ ಒಳಪದರವನ್ನು ತಿನ್ನುತ್ತದೆ, ಎಣ್ಣೆ ತಿಕ್ಕಿದರೆ ಹೋಗುವುದಲ್ಲ. ಇದನ್ನು ಕನ್ನಡದಲ್ಲಿ ಹೇಳುವವರು ಕಡಿಮೆ. ಹೋದ ಅಕ್ಟೋಬರ್ 12ಕ್ಕೆ, ಅಂದರೆ ವಿಶ್ವ ಆರ್ಥ್ರೈಟಿಸ್ ದಿನಕ್ಕೆ, ಬರೆದ ಪೋಸ್ಟಿಗೆ ಇಳಕಲ್ಲಿನಿಂದ ಸೀರೆ ನೇಯುವ ಹೆಣ್ಣುಮಗಳೊಬ್ಬಳು ವಾಯ್ಸ್ ಮೆಸೇಜ್ ಕಳಿಸಿದಳು. ಟೈಪ್ ಮಾಡಲು ಅವಳಿಗೂ ಬೆರಳು ಬರುವುದಿಲ್ಲವಂತೆ. ಮೈಕ್ ಎಲ್ಲಿದೆ ಅಂತ ಸ್ಕ್ರೀನ್‌ಶಾಟ್ ಕಳಿಸಿದೆ. ಮರುದಿನ ಅವಳಿಂದ ಬಂದ ಮೊದಲ ಸಾಲು: 'ಅಕ್ಕ ಕೀಲು ರಾಣಿ ಜಾಸ್ತಿ ಆಗಿದೆ'.

ವಾಯ್ಸ್ ಟೈಪಿಂಗಿಗೆ ನನ್ನ ಅಂಕ: ಐದಕ್ಕೆ ಮೂರೂವರೆ.