ನುಡಿ ಪತ್ರಗಳನ್ನು ಓದದ ಕ್ಲೌಡು, ಓದಿದ ನಮ್ಮ ಆಫೀಸಿನ ಡೆಸ್ಕ್‌ಟಾಪು

ಕೇಸಿನ ರಾಶಿ ಕಡತಗಳಲ್ಲಿ ಬೇಕಾದ್ದನ್ನು ಹುಡುಕಿಕೊಡುವ ತಂತ್ರಾಂಶಗಳಲ್ಲಿ ಯಾವುದು ವಾಸಿ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡೇಟಾಶೇರ್‌ಗೆ. ಇದೇ ಕೆಲಸದ ಕ್ಲೌಡ್ ಸೇವೆಯೊಂದಕ್ಕೆ ಎರಡು ತಿಂಗಳು ಬಾಡಿಗೆ ಕಟ್ಟಿ ಕೈ ಸುಟ್ಟುಕೊಂಡಿದ್ದೇನೆ. ಹಾಗಾಗಿ ಬರವಣಿಗೆಯಲ್ಲಿ ಸ್ವಲ್ಪ ಸಿಟ್ಟು ಕಂಡರೆ ಕ್ಷಮಿಸಿ.

ನಾನು ಬಳ್ಳಾರಿಯಲ್ಲಿ ಹಿರಿಯ ವಕೀಲರೊಬ್ಬರ ಹತ್ತಿರ ಜೂನಿಯರ್. ಸಂಡೂರು ಕಡೆಯ ಅದಿರು ಸಾಗಣೆಯ ಬಾಕಿ ಹಣದ ವಾಣಿಜ್ಯ ದಾವೆ, ನಾವು ಪ್ರತಿವಾದಿ ಕಡೆ. ಕಕ್ಷಿದಾರರು ಒಂದು ಹಾರ್ಡ್ ಡಿಸ್ಕ್ ತಂದು ಟೇಬಲ್ ಮೇಲಿಟ್ಟು "ಎಲ್ಲಾ ಇದರಾಗೈತ್ರಿ ಸಾರ್" ಎಂದರು. 60 ಜಿಬಿ. ಇಮೇಲ್, ಲಾರಿ ತೂಕದ ವೇಬ್ರಿಡ್ಜ್ ಚೀಟಿಯ ಸ್ಕ್ಯಾನ್, ಎಕ್ಸೆಲ್, ಲಾರಿ ಮಾಲೀಕರ ಪತ್ರ. ವಾಣಿಜ್ಯ ದಾವೆಯಲ್ಲಿ ಲಿಖಿತ ಹೇಳಿಕೆಗೆ (ಪ್ರತಿವಾದಿ ಕೊಡುವ ಉತ್ತರ) 30 ದಿನ. ಕೋರ್ಟು ಕಾರಣ ಒಪ್ಪಿದರೂ ಸಮನ್ಸ್ ಮುಟ್ಟಿದ 120 ದಿನ ದಾಟುವಂತಿಲ್ಲ. ಸಂಬಂಧಪಟ್ಟ ದಾಖಲೆಗಳೂ ಅದರ ಜೊತೆಗೇ ಹೋಗಬೇಕು.

ಕ್ಲೌಡ್ ಸೇವೆಯ ಹೆಸರು ಬೇಡ. ನೋಡೋಕೆ ಚೆಂದ. ಅಪ್‌ಲೋಡ್ ಮಾತ್ರ ಗೋಳು. ನಮ್ಮ ಲೈನಿನಲ್ಲಿ ಸೆಕೆಂಡಿಗೆ 10 ಮೆಗಾಬಿಟ್ ಮೇಲಕ್ಕೆ ಹೋಗುತ್ತದೆ. ಲೆಕ್ಕದ ಪ್ರಕಾರ 13 ಗಂಟೆ ಸಾಕು. ಕರೆಂಟು ಹೋದಾಗಲೆಲ್ಲ ಅರ್ಧ ಹೋಗಿದ್ದ ಫೈಲು ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ನಾಲ್ಕು ದಿನ ಹಿಡಿಯಿತು. ಮೇಲಾಗಿ ಬಾಡಿಗೆ ಜಿಬಿ ಲೆಕ್ಕ. ಜಿಪ್ ಫೈಲು ಬಿಚ್ಚಿ, ಇಮೇಲಿನ ಅಟ್ಯಾಚ್‌ಮೆಂಟ್ ಬೇರೆ ಮಾಡಿದ ನಂತರದ ಜಿಬಿ! ಬಿಲ್ಲು ನೋಡಿ ನಮ್ಮ ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು.

ಇಷ್ಟನ್ನೂ ಸಹಿಸಬಹುದಿತ್ತು. ತಲೆ ಕೆಡಿಸಿದ್ದು ನುಡಿ.

ಲಾರಿ ಮಾಲೀಕರ ಪತ್ರಗಳೆಲ್ಲ ಹಳೆಯ ನುಡಿ ಫಾಂಟಿನಲ್ಲಿ ಟೈಪಾದವು. ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಲ್ಲ. ಪರದೆಯ ಮೇಲೆ ಕನ್ನಡವೇ ಕಾಣುತ್ತದೆ. ಫೈಲಿನ ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದಕ್ಕೆ ಕನ್ನಡದ ವೇಷ ಹಾಕುವುದು ಫಾಂಟು. ಹುಡುಕುವ ತಂತ್ರಾಂಶಕ್ಕೆ ವೇಷ ಕಾಣುವುದಿಲ್ಲ. 'ಬಾಡಿಗೆ' ಎಂದು ಹುಡುಕಿದೆ. ಸೊನ್ನೆ. 'ತೂಕ'. ಸೊನ್ನೆ. ಕಣ್ಣೆದುರೇ ಆ ಪತ್ರ ತೆರೆದಿದೆ, ಮೂರನೇ ಸಾಲಿನಲ್ಲೇ 'ತೂಕ' ಅಂತಿದೆ!

ಹಾಗಾದರೆ ಓಸಿಆರ್, ಅಂದರೆ ಪುಟದ ಚಿತ್ರ ನೋಡಿ ಅಕ್ಷರ ಗುರುತಿಸುವ ಕೆಲಸ, ಮಾಡಿಸೋಣ ಎಂದುಕೊಂಡೆ. ಅದೂ ಆಗಲಿಲ್ಲ. ಪಿಡಿಎಫ್‌ನಲ್ಲಿ ಅಕ್ಷರ ಆಗಲೇ ಇದ್ದರೆ ಆ ಸೇವೆ ಓಸಿಆರ್ ಬಿಟ್ಟು ಮುಂದೆ ಹೋಗುತ್ತದೆ. ಇರುವುದು ಕಸವೋ ಕನ್ನಡವೋ ಅಂತ ನೋಡುವುದಿಲ್ಲ. ಸಹಾಯವಾಣಿಗೆ ಬರೆದೆ, "ನಿಮ್ಮ ಫೈಲಿನಲ್ಲಿ ಪಠ್ಯ ಇದೆ" ಎಂಬ ಉತ್ತರ ಬಂತು. ಮೂರು ಸಲ ಅದೇ ಉತ್ತರ. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಆ ಪಠ್ಯ ಹಾಕಿ ನೋಡಿದೆ. ಕನ್ನಡವೇನೋ ಸರಿಯಾಯಿತು, ಆದರೆ ನಡುವೆ ಇದ್ದ ಇಂಗ್ಲಿಷ್ ಹೆಸರು, ಲಾರಿ ನಂಬರಿನ ಅಕ್ಷರಗಳೂ ಕನ್ನಡದ ಕಸವಾದವು. ಯಾವ ಪದ ಯಾವ ಫಾಂಟಿನದು ಎಂಬ ಗುರುತು ಪಠ್ಯ ಹೊರತೆಗೆಯುವಾಗಲೇ ಅಳಿಸಿಹೋಗಿರುತ್ತದಲ್ವಾ.

ಕೊನೆಗೆ ಕೈ ಹಿಡಿದದ್ದು ಓಸಿಆರ್‌ಮೈಪಿಡಿಎಫ್ ಎಂಬ ಉಚಿತ ಸಾಧನ. ಇದು ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶ ಬಳಸುತ್ತದೆ, ಅದಕ್ಕೆ ಕನ್ನಡ ಗೊತ್ತು. ಇದರಲ್ಲಿ 'ಫೋರ್ಸ್ ಓಸಿಆರ್' ಎಂಬ ಆಯ್ಕೆ ಇದೆ. ಹಳೆಯ ಪಠ್ಯ ಏನೇ ಇರಲಿ, ಪುಟವನ್ನು ಚಿತ್ರ ಮಾಡಿ ಮೊದಲಿಂದ ಓದುತ್ತದೆ. ಕನ್ನಡ, ಇಂಗ್ಲಿಷ್ ಎರಡೂ ಭಾಷೆ ಕೊಟ್ಟು ರಾತ್ರಿ ಹಚ್ಚಿಟ್ಟು ಮನೆಗೆ ಹೋದೆ. ಒತ್ತಕ್ಷರದಲ್ಲಿ ಎಡವುತ್ತದೆ, ಮಾಸಿದ ವೇಬ್ರಿಡ್ಜ್ ಚೀಟಿಯಂತೂ ಅದಕ್ಕೆ ಆಗದ ಕೆಲಸ. ಆದರೂ 'ತೂಕ' ಸಿಕ್ಕಿತು.

ಆ ಪ್ರತಿಗಳನ್ನು ಡೇಟಾಶೇರ್‌ಗೆ ಹಾಕಿದೆ. ಇದು ಅಂತರರಾಷ್ಟ್ರೀಯ ತನಿಖಾ ಪತ್ರಕರ್ತರ ಒಕ್ಕೂಟದ್ದು, 2016ರಲ್ಲಿ ಪನಾಮಾ ಪೇಪರ್ಸ್ ಹೊರತಂದವರದ್ದು. ಅಲ್ಲಿ 1.15 ಕೋಟಿ ಕಡತ ಇದ್ದವು, ನಮ್ಮದು ಯಾವ ಲೆಕ್ಕ. ಉಚಿತ, ನಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ, ಕಡತಕ್ಕೆ ಟ್ಯಾಗ್ ಹಾಕಬಹುದು. 8 ಜಿಬಿ ರ್‍ಯಾಮ್ ಸಾಲಲಿಲ್ಲ, 16 ಮಾಡಿಸಿದೆ.

ಹುಡುಕುವಾಗ ಒಂದು ಉಪಾಯ: 'ಸಂಡೂರು' ಎಂದು ಪೂರ್ತಿ ಬರೆಯಬೇಡಿ. 'ಸಂಡೂರಿನ', 'ಸಂಡೂರಿಗೆ' ತಪ್ಪಿಹೋಗುತ್ತವೆ. 'ಸಂಡೂರ' ಬರೆದು ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ.

ಡಾಕ್‌ಫೆಚರ್ ಎಂಬ ಇನ್ನೊಂದು ಹುಡುಕುವ ಸಾಧನವನ್ನೂ ನೋಡಿದೆ. ಹಗುರ, ಬೇಗ ಹುಡುಕುತ್ತದೆ. ಓಸಿಆರ್ ಇಲ್ಲ, ಟ್ಯಾಗ್ ಇಲ್ಲ. ಸಣ್ಣ ಕೇಸಿಗೆ ಸಾಕು.

ಕ್ಲೌಡಿನವರಿಗೂ ನ್ಯಾಯ ಹೇಳಬೇಕು. ಐದಾರು ಜನ ಬೇರೆ ಬೇರೆ ಊರಲ್ಲಿ ಕೂತು ಓದುವುದು, ಕೊಡುವ ಪುಟಗಳಿಗೆಲ್ಲ ಸಾಲಾಗಿ ನಂಬರ್ ಹೊಡೆಯುವುದು, ಗೌಪ್ಯ ಸಾಲು ಮುಚ್ಚುವುದು ಅಲ್ಲಿ ಸಲೀಸು. ನಂಬರನ್ನು ನಾನು ಬೇರೆ ಸಾಧನದಲ್ಲಿ ಹೊಡೆದೆ. ನಾವಿರುವುದೇ ಇಬ್ಬರು, ನಾನು ಮತ್ತು ಸಾರ್. ಸಾರ್ ಪ್ರಿಂಟೇ ಕೇಳುತ್ತಾರೆ.

ಇದನ್ನು ಮಾಡುವವರು ಒಂದು ನೆನಪಿಡಿ. ಫೋರ್ಸ್ ಓಸಿಆರ್ ಆದ ಪ್ರತಿ ಮೂಲ ಫೈಲ್ ಅಲ್ಲ, ಅದರ ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ, ಬೆರಳಚ್ಚಿನಂಥ ಗುರುತು) ಬದಲಾಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 63ನೇ ಕಲಮಿನಂತೆ ಡಿಜಿಟಲ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಬೇಕು. ಓಸಿಆರ್ ಪ್ರತಿ ಹುಡುಕೋಕೆ ಮಾತ್ರ. ಕೋರ್ಟಿಗೆ ಮೂಲದ್ದೇ. ಕಕ್ಷಿದಾರರ ಹಾರ್ಡ್ ಡಿಸ್ಕಿನಿಂದ ಮೊದಲ ದಿನವೇ ಹ್ಯಾಶ್ ತೆಗೆದು, ಡಿಸ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ಸಾರ್ ಹತ್ತಿರ.