ಒಂದೇ ಸಿನಿಮಾ, ಮೂರು ಕಡೆ: ಕಾಸರಗೋಡು, ಕುಡ್ಲ, ಮನೆಯ ಟಿವಿ

‘ಕಾಂತಾರ: ಚಾಪ್ಟರ್ 1’ ಅನ್ನು ನಾನು ಮೂರು ಸಲ ನೋಡಿದೆ. ಒಮ್ಮೆ ಕಾಸರಗೋಡಿನಲ್ಲಿ, ಒಮ್ಮೆ ಕುಡ್ಲದಲ್ಲಿ ಅಂದರೆ ಮಂಗಳೂರಿನಲ್ಲಿ, ಒಮ್ಮೆ ಮನೆಯಲ್ಲಿ. ಮೂರು ಸಲವೂ ಒಂದು ಪಕ್ಕದಲ್ಲಿ ಅಮ್ಮ, ಇನ್ನೊಂದು ಪಕ್ಕದಲ್ಲಿ ಮಗ. ಕೇರಳದ ಗಡಿಯೊಳಗಿನ ಕುಂಬಳೆ ಕಡೆಯ ನಮ್ಮಂಥವರಿಗೆ ಸಿನಿಮಾ ನೋಡಲು ಈಗ ಇರುವ ದಾರಿ ಈ ಮೂರೇ. ಯಾವುದು ಒಳ್ಳೆಯದು ಅಂತ ನೆಂಟರು ಕೇಳುತ್ತಲೇ ಇದ್ದಾರೆ.

ಮೊದಲ ‘ಕಾಂತಾರ’ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಅದು ಕನ್ನಡದಲ್ಲಿ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ, ಮಲಯಾಳದಲ್ಲಿ ಅಕ್ಟೋಬರ್ 20ಕ್ಕೆ. ಅಷ್ಟು ದಿನ ಯಾರು ಕಾಯುತ್ತಾರೆ? ಕುಡ್ಲಕ್ಕೆ ಹೋಗಿಬಿಟ್ಟೆವು. ಎರಡನೆಯದು, ಅಂದರೆ ಈ ‘ಚಾಪ್ಟರ್ 1’, ಕಥೆಯಲ್ಲಿ ಹಿಂದಿನ ಕಾಲದ್ದು, ಆದರೆ ನೋಡುವ ನಮಗೆ ಮುಂದಿನ ಭಾಗವೇ. ಅದು 2025ರ ಅಕ್ಟೋಬರ್ 2ರಂದು ಕನ್ನಡ, ಮಲಯಾಳ ಎರಡರಲ್ಲೂ ಒಟ್ಟಿಗೆ ಬಂತು. ಗಾಂಧಿ ಜಯಂತಿ, ವಿಜಯದಶಮಿ ಎರಡೂ ಅವತ್ತೇ. ರಜೆಯ ಗಡಿಬಿಡಿಯಲ್ಲಿ ಕುಡ್ಲದ ಟಿಕೆಟ್ ಸಿಗಲಿಲ್ಲ. ಕಾಸರಗೋಡಿನಲ್ಲಿ ಸಿಕ್ಕಿತು, ಮಲಯಾಳದ ಆಟ.

ಕಾಸರಗೋಡಿನ ಸುಖ ಬೇರೆಯೇ. ಊಟ ಮಾಡಿ ಹೊರಟರೂ ಆಟಕ್ಕೆ ಮುಟ್ಟಬಹುದು, ಮುಗಿಸಿ ರಾತ್ರಿ ಮನೆಯಲ್ಲೇ ಮಲಗಬಹುದು. ಹಿಂದಿನ ಸಾಲಿನಲ್ಲಿ ಮಗನ ಕ್ಲಾಸಿನ ಹುಡುಗರೇ ಇದ್ದರು, ಶಿಳ್ಳೆಯೋ ಶಿಳ್ಳೆ. ಮಗ ಕಲಿಯುವುದು ಮಲಯಾಳ ಮೀಡಿಯಂನಲ್ಲಿ, ಅವನಿಗೆ ಏನೂ ತೊಂದರೆ ಆಗಲಿಲ್ಲ. ಅಮ್ಮನಿಗೆ ಗೊತ್ತಿರುವುದು ಸಂತೆಯ ಮಲಯಾಳ. ಮೀನಿನ ರೇಟು ಕೇಳಲು ಸಾಕು, ರಾಜನ ಮಾತಿಗೆ ಸಾಲದು. ಐದು ನಿಮಿಷಕ್ಕೊಮ್ಮೆ ನನ್ನ ತೋಳು ಹಿಡಿದು “ಎಂತ ಹೇಳಿದ ಅವ?” ಅಂತ ಕೇಳುತ್ತಿದ್ದರು. ನಾನು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಮಾತು ತಪ್ಪಿಹೋಗುತ್ತಿತ್ತು. ದೈವದ ಕೂಗು ಬಂದಾಗ ಮಾತ್ರ ಏನೂ ಕೇಳಲಿಲ್ಲ. ಅದಕ್ಕೆ ಡಬ್ಬಿಂಗ್ ಬೇಡ ಅಲ್ವಾ?

ಎರಡು ವಾರ ಬಿಟ್ಟು ಕುಡ್ಲಕ್ಕೆ ಹೋದೆವು. ಕುಂಬಳೆಯಿಂದ ಲೋಕಲ್ ರೈಲು, ಸೆಂಟ್ರಲ್ ಸ್ಟೇಷನ್‌ನಲ್ಲಿ ಇಳಿದು ಪಾಂಡೇಶ್ವರದ ಕಡೆಗೆ ನಡಿಗೆ. ಖರ್ಚು ಜಾಸ್ತಿಯೇ. ಮಲ್ಟಿಪ್ಲೆಕ್ಸ್ ಟಿಕೆಟ್ 200 ರೂಪಾಯಿ ದಾಟಬಾರದು ಅಂತ ಕರ್ನಾಟಕ ಸರಕಾರ ಸೆಪ್ಟೆಂಬರ್‌ನಲ್ಲಿ ಆದೇಶ ಮಾಡಿತ್ತು, ಆದರೆ ಹೈಕೋರ್ಟ್ ತಡೆ ಕೊಟ್ಟಿತು. ಹೆಂಡತಿಯೂ ಬಂದಿದ್ದಳು, ನಾಲ್ವರ ಟಿಕೆಟ್ಟಿಗೇ ಸಾವಿರ ದಾಟಿತು. ಸಿನಿಮಾ ಹತ್ತಿರ ಹತ್ತಿರ ಎರಡು ಮುಕ್ಕಾಲು ಗಂಟೆ. ಮುಗಿಯುವಾಗ ವಾಪಸು ರೈಲು ಹೋಗಿಯಾಗಿತ್ತು. ಗಡಿಯ ತಲಪಾಡಿ ದಾಟುವ ಬಸ್ಸಿನಲ್ಲಿ ಅಮ್ಮನಿಗೆ ಸೀಟು ಸಿಕ್ಕಿದ್ದೇ ಪುಣ್ಯ.

ಆದರೂ ಆ ಆಟವನ್ನು ನಾನು ಮರೆಯುವುದಿಲ್ಲ. ಅಮ್ಮ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಎಲ್ಲರೂ ನಗುವಾಗಲೇ ಅವರೂ ನಕ್ಕರು. ನಮ್ಮ ಮನೆಯ ಹಿತ್ತಿಲಲ್ಲೂ ದೈವದ ಕಟ್ಟೆ ಇದೆ, ವರ್ಷಕ್ಕೊಮ್ಮೆ ತಂಬಿಲ, ಅಂದರೆ ದೈವಕ್ಕೆ ಪೂಜೆ, ನಡೆಯುತ್ತದೆ. ಪರದೆಯ ಮೇಲೆ ದೈವ ಎದ್ದು ನಿಂತಾಗ ಅಮ್ಮ ಕತ್ತಲಲ್ಲಿ ಬಗ್ಗಿ ಚಪ್ಪಲಿ ಬಿಟ್ಟರು. ಎರಡನ್ನೂ ಸೀಟಿನ ಕೆಳಗೆ ತಳ್ಳಿ, ಬರಿಗಾಲನ್ನು ಏಸಿಯ ತಣ್ಣಗಿನ ನೆಲದ ಮೇಲೆ ಊರಿ, ಕೈ ಮುಗಿದು ಕೂತರು. ಮಗ ಅದನ್ನು ನೋಡಿ ತಾನೂ ಶೂ ಬಿಚ್ಚಿದ. ಬರುವಾಗ ಬಸ್ಸಿನಲ್ಲಿ ಹೇಳಿದ, “ಅಪ್ಪಾ, ಕನ್ನಡದಲ್ಲಿ ಬಾಯಿಯೂ ಮಾತೂ ಒಟ್ಟಿಗೆ ಹೋಗ್ತದೆ.”

ಇನ್ನು ಮನೆ. ಮೊದಲ ‘ಕಾಂತಾರ’ ಅಮೆಜಾನ್ ಪ್ರೈಮ್‌ಗೆ ಬಂದದ್ದು ನವೆಂಬರ್ 24ಕ್ಕೆ, ಅಂದರೆ 55 ದಿನ ಕಳೆದ ಮೇಲೆ. ಎರಡನೆಯದು ಅಕ್ಟೋಬರ್ 31ಕ್ಕೇ ಬಂತು, 29 ದಿನಕ್ಕೆ. ಜನ ಥಿಯೇಟರ್ ಕಡೆ ಮುಖ ಹಾಕುವುದಿಲ್ಲ ಅಂತ ದೂರುವವರು ಈ ಲೆಕ್ಕ ನೋಡಬೇಕು. ನಮ್ಮ ಬೀದಿಯಲ್ಲೇ ಮೂರು ಮನೆಯವರು “ಒಂದು ತಿಂಗಳು ತಾನೇ, ಟಿವಿಯಲ್ಲಿ ಬರ್ತದೆ” ಅಂತ ಸುಮ್ನೆ ಕೂತರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಮನೆಮಂದಿಯೆಲ್ಲ ಕುಡ್ಲಕ್ಕೆ ಹೋಗಿ ಬರುವ ದುಡ್ಡಿನಲ್ಲಿ ತಿಂಗಳುಗಟ್ಟಲೆ ಸಿನಿಮಾ ನೋಡಬಹುದು.

ಗಡಿಯಲ್ಲಿರುವ ನಮಗೆ ಮನೆಯಲ್ಲಿ ಒಂದು ದೊಡ್ಡ ಅನುಕೂಲ ಇದೆ. ಭಾಷೆ ನಮ್ಮ ಕೈಯಲ್ಲಿರುತ್ತದೆ. ರಿಮೋಟ್ ಒತ್ತಿದರೆ ಕನ್ನಡ, ಇನ್ನೊಮ್ಮೆ ಒತ್ತಿದರೆ ಮಲಯಾಳ. ಕಾಸರಗೋಡಿನಲ್ಲಿ ತಪ್ಪಿಹೋದ ಮಾತುಗಳನ್ನು ಅಮ್ಮ “ಇನ್ನೊಮ್ಮೆ ಹಾಕು ಮಗಾ” ಅಂತ ಮತ್ತೆ ಮತ್ತೆ ಹಾಕಿಸಿ ಕೇಳಿದರು. ಕಥೆ ಪೂರ್ತಿ ತಲೆಗೆ ಹೋದದ್ದು ಮನೆಯಲ್ಲೇ, ಅದು ನಿಜ. ಆದರೆ ಅದೇ ದೈವದ ದೃಶ್ಯ ಬಂದಾಗ ಅವರು ಬಸಳೆ ಬಿಡಿಸುತ್ತಿದ್ದರು. ತಲೆ ಎತ್ತಿ ನೋಡಿದರು, ಮತ್ತೆ ದಂಟು ಮುರಿದರು. ಅಷ್ಟರಲ್ಲಿ ಫೋನ್ ಬಂತು, ಸಿನಿಮಾ ನಿಲ್ಲಿಸಿದೆವು. ದೈವ ಕೈ ಎತ್ತಿದ ಹಾಗೆಯೇ ಹತ್ತು ನಿಮಿಷ ಟಿವಿಯಲ್ಲಿ ನಿಂತಿತ್ತು. ನನಗೆ ಅದನ್ನು ನೋಡಲು ಆಗಲಿಲ್ಲ.

ಹೊರಗಿನ ಸಾಹಸ ಸಿನಿಮಾಗಳ ಲೆಕ್ಕ ಸ್ವಲ್ಪ ಬೇರೆ. ‘ಅವತಾರ್’ ಎರಡನೆಯ ಭಾಗ 2022ರಲ್ಲಿ ಬಂದಾಗ ಕನ್ನಡದಲ್ಲೂ ಬಂದಿತ್ತು. 2009ರ ಮೊದಲ ಭಾಗಕ್ಕೆ ಆ ಭಾಗ್ಯ ಇರಲಿಲ್ಲ. ಆಗ ಕನ್ನಡಕ್ಕೆ ಡಬ್ ಮಾಡಲು ಚಿತ್ರರಂಗವೇ ಬಿಡುತ್ತಿರಲಿಲ್ಲ, ಅದು ಸಡಿಲಾದದ್ದು 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಅಡ್ಡಿ ಆಗದಂತೆ ನೋಡುವ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ. ಎರಡನೆಯ ಭಾಗದ ನೀರಿನೊಳಗಿನ ಆ ತ್ರೀಡಿ, ನಮ್ಮ ಮನೆಯ ಟಿವಿಯಲ್ಲಿ ಸಿಗುವುದೇ ಇಲ್ಲ. ಅಂಥದ್ದಕ್ಕೆ ಕಾಸರಗೋಡು ಸಾಕು. ಅಲ್ಲಿ ಮಾತಿಗಿಂತ ಕಣ್ಣಿಗೇ ಕೆಲಸ ಜಾಸ್ತಿ, ಅಮ್ಮನೂ ಬರುವುದಿಲ್ಲ. ನಾನು, ಮಗ ಇಬ್ಬರೇ ಸ್ಕೂಟರಿನಲ್ಲಿ ಹೋಗಿ ಬರುತ್ತೇವೆ.

ಕನ್ನಡದ ಸಿನಿಮಾ ಆದರೆ, ಅದರಲ್ಲೂ ನಮ್ಮ ಕಡೆಯ ಕಥೆ ಆದರೆ, ಮೊದಲ ಸಲ ಕುಡ್ಲದಲ್ಲೇ ನೋಡಬೇಕು. ಬೆಳಗಿನ ಆಟಕ್ಕೆ ಹೋಗಿ, ಸಂಜೆಯ ರೈಲು ತಪ್ಪುವುದಿಲ್ಲ. ಟಿಕೆಟ್ ಮಾಡುವಾಗ ಅಮ್ಮನಿಗೆ ಸಾಲಿನ ಕೊನೆಯ ಸೀಟು ಹಿಡಿಯುತ್ತೇನೆ, ಬಗ್ಗಿ ಚಪ್ಪಲಿ ಬಿಡಲು ಅಲ್ಲಿ ಜಾಗ ಜಾಸ್ತಿ.